ಯಾವ ತಿಂಗಳ ಸಮುದ್ರ?

ನಕಾಶೆಯಲ್ಲಿ ಸಮುದ್ರಕ್ಕೆ ನೀಲಿ ಬಳಿದವರ ಪಟ್ಟಿಯಲ್ಲಿ
ಕೆಂಪು ಶಾಯಿಯಿಂದ ಬರೆಯುತ್ತಿದ್ದಳು ಅಜ್ಜಿ:
“ಯಾವ ತಿಂಗಳ ಸಮುದ್ರ?”

ಉತ್ತರ ಬೇಕಾದರೆ ಶಾಲೆಯ ಹಿಂದಿನ ಬೇಲಿ ದಾಟಿ
ಕೇಣಿಯ ದಂಡೆಗೆ ಹೋಗಿ ನೋಡಿ ಬರಬೇಕು,
ಬಂದು ಮತ್ತೆ ಬಳಿಯಬೇಕು.
ಅರ್ಧ ಅಂಕೋಲೆಗೆ ಹೀಗೆ ಬಣ್ಣ ಕಲಿಸಿದವಳು
ನೀಲಾವತಿ ಅಕ್ಕೋರು.

ಸರಕಾರ ಅವಳನ್ನು ಹೊಳೆ ದಾಟಿಸುತ್ತಲೇ ಇತ್ತು.
ಮಾಜಾಳಿ, ಹಣಕೋಣ,
ಉಳವಿಯ ಕಾಡಿನೊಳಗೊಂದು ಏಕೋಪಾಧ್ಯಾಯ ಶಾಲೆ,
ತದಡಿ, ಮತ್ತೆ ಮಾಜಾಳಿ.
ಕಾಳಿಗೆ ಸೇತುವೆ ಇಲ್ಲದ ಕಾಲ.
ಸೊಂಟದ ಮೇಲೆ ನಮ್ಮಮ್ಮ,
ಕಂಕುಳಲ್ಲಿ ಸುರುಳಿ ಸುತ್ತಿದ ಜಗತ್ತು.
ಗಂಗಾವಳಿಯ ನಡುವೆ ಒಮ್ಮೆ ದೋಣಿ ವಾಲಿದಾಗ
ಎರಡನ್ನೂ ಎತ್ತಿ ಹಿಡಿದಳಂತೆ.
“ಮೊದಲು ಯಾವುದನ್ನು?”
ಅಮ್ಮ ಇವತ್ತಿಗೂ ಕೇಳುತ್ತಾಳೆ.

ಶಾಲೆಯಲ್ಲಿ ಅವಳನ್ನು ಅಕ್ಕೋರೇ ಎನ್ನಬೇಕಿತ್ತು ಅಮ್ಮ,
ಮನೆಯ ಹೊಸಿಲು ದಾಟಿದರೆ ಆಯಿ.
ಜ್ವರದಲ್ಲಿ ಎರಡೂ ಕಲಸಿ
“ಆಯಿ ಅಕ್ಕೋರೇ, ನೀರು” ಎಂದದ್ದು
ನಮ್ಮ ಮನೆಯ ಹಳೇ ನಗೆ.
ಅಮ್ಮ ಮಾತ್ರ ನಗುವುದಿಲ್ಲ.

ನಿವೃತ್ತಿಯ ದುಡ್ಡು ಬಂತು.
ಕಾಶಿಗೆಂದು ಹೊರಟವಳು ಇಳಿದದ್ದು ಚಿರಾಪುಂಜಿಯಲ್ಲಿ.
ಮೂವತ್ನಾಲ್ಕು ವರ್ಷ ಪಾಠ ಮಾಡಿದ ಮಳೆ
ನಿಜಕ್ಕೂ ಸುರಿಯುತ್ತದೋ ಇಲ್ಲವೋ, ನೋಡಬೇಡವೇ?
“ಸುರಿಯುತ್ತದೆ,” ಎಂದಳು ಬಂದು,
“ಆದರೆ ನಮ್ಮದರ ಹಾಗೆ ಅಡ್ಡಡ್ಡ ಬರುವುದಿಲ್ಲ.”
ಗಂಗೆ ಕೇಳಿದ ಓಣಿಯವರಿಗೆಲ್ಲ
ಆ ಮಳೆನೀರನ್ನೇ ಉದ್ಧರಣೆಯಲ್ಲಿ ಕೊಟ್ಟಳು.
ಸಾವಂತ್ರಿಯಕ್ಕನ ಮಂಡಿನೋವು ಕಡಿಮೆಯಾಯಿತು.

ಅಜ್ಜ, ಕಾಳಿಯ ದೋಣಿಯಲ್ಲೇ ವಾಂತಿ ಮಾಡಿಕೊಳ್ಳುವ ಜೀವ.
ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತು ತಂದು
“ಪೂರಾ ನೋಡಿ ಬಾ” ಎನ್ನುತ್ತಿದ್ದ,
ಬಸ್ಸು ತಿರುವು ದಾಟಿದ ಮೇಲೂ ನಿಂತಿರುತ್ತಿದ್ದ.

ಲೇಹ, ರಂಗೂನು, ಕೊನೆಗೆ ಕೀನ್ಯಾ.
ಹೋದಲ್ಲಿಂದ ಕಾರ್ಡು ಬರುತ್ತಿತ್ತು,
ಮನೆಗಲ್ಲ,
‘ಏಳನೇ ಇಯತ್ತೆ, ಕೇಣಿ ಶಾಲೆ’ ಎಂಬ ವಿಳಾಸಕ್ಕೆ.
ಅಮ್ಮ ಅದೇ ಓಣಿಯಲ್ಲಿ, ಬಾಗಿಲಿಗೆ ಬಂದು ನಿಲ್ಲುವಳು.
ಟಪಾಲಿನ ಪೊಕ್ಕ ಗಂಟೆ ಬಾರಿಸಿ
ಸೈಕಲ್ ನಿಲ್ಲಿಸದೆ ದಾಟುವನು.

ಅಜ್ಜಿ ತೀರಿದ ಹದಿನೈದನೆಯ ದಿನ
ಅಮ್ಮ ಶಾಲೆಗೆ ಹೋಗಿ ಆ ಕಾರ್ಡುಗಳನ್ನು ಕೇಳಿದಳು.
ಕಪಾಟಿನಿಂದ ಒಂದು ಬಿಸ್ಕೀಟು ಡಬ್ಬಿ ಬಂತು.
ಕೆಲವಕ್ಕೆ ಅಂಚಿಲ್ಲ, ಕೆಲವಕ್ಕೆ ದೇಶವಿಲ್ಲ,
ಸ್ಟ್ಯಾಂಪು ಕಿತ್ತುಕೊಂಡಿದ್ದಾರೆ ಮಕ್ಕಳು.
ಏಳನೇ ಇಯತ್ತೆಯ ಬೆಂಚಿನಲ್ಲಿ ಮೊಣಕಾಲು ತುರುಕಿ ಕೂತು
ಒಂದೊಂದಾಗಿ ಓದಿದಳು, ತಡವಾಗಿ ಬಂದ ಟಪಾಲಿನ ಹಾಗೆ.

“ಮಕ್ಕಳೇ, ಭೂಮಧ್ಯರೇಖೆಯ ಮೇಲೆ ಕೂತು ಅವಲಕ್ಕಿ ತಿಂದೆ.
ಗೆರೆ ಇಲ್ಲ. ಹುಲ್ಲು ಬಗೆದು ನೋಡಿದೆ.
ಒಂದು ಹಳದಿ ಬೋರ್ಡಿದೆ,
ಅದರಡಿ ಒಬ್ಬಳು ಬಾಳೆಹಣ್ಣು ಮಾರುತ್ತಾಳೆ,
ಕೂಸನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು.
ಈ ಉಪಾಯ ನನಗೆ ಆಗ ಗೊತ್ತಿರಲಿಲ್ಲ.
ನಮ್ಮ ನಕಾಶೆಯಲ್ಲಿ ಆಸ್ಟ್ರೇಲಿಯಾ ಯಾಕೆ ಮಾಸಿದೆ
ಎಂದು ಕೇಳುತ್ತಿದ್ದಿರಲ್ಲ,
ಗಂಗಾವಳಿಯಲ್ಲಿ ಅದು ಒದ್ದೆಯಾಯಿತು.
ಕೂಸು ಆಗಲಿಲ್ಲ.”

ಅಮ್ಮ ಕಾರ್ಡು ತಿರುಗಿಸಿದಳು.
ಹಿಂದೆ ಜಿರಾಫೆ.
ಮತ್ತೆ ತಿರುಗಿಸಿದಳು.
ಗಂಟೆ ಹೊಡೆಯಿತು, ಮಕ್ಕಳು ಬಾಗಿಲಲ್ಲಿ ಗುಂಪಾಗಿ
ಯಾರೋ ತಮ್ಮ ಜಾಗದಲ್ಲಿ ಕೂತಿದ್ದಾರೆಂದು ನಿಂತರು.
ಅಮ್ಮ ಏಳಲಿಲ್ಲ.
“ಅಕ್ಷರ ನೋಡು,” ಎಂದಳು ನನಗೆ, “ಒಂದೂ ಸೊಟ್ಟಗಿಲ್ಲ.”

ನಾನು ಹಿಂದಿನ ಬೇಲಿ ದಾಟಿ ದಂಡೆಗೆ ಹೋದೆ.
ದೋಣಿಗಳು ಇನ್ನೂ ಮಡ್ಲು ಹೊದ್ದು ಮೇಲೆ ಬಿದ್ದುಕೊಂಡಿದ್ದವು.
ಶ್ರಾವಣದ ಎರಡನೇ ವಾರ, ಅಜ್ಜಿ.
ನೀಲಿ ಅಲ್ಲ, ಹಸಿರೂ ಅಲ್ಲ,
ನೂರು ಸ್ಲೇಟು ತೊಳೆದ ನೀರಿನ ಬಣ್ಣ,
ಅಂಚಿನಲ್ಲಿ ಸ್ವಲ್ಪ ಸೀಮೆಸುಣ್ಣ.